ಪಕ್ಷಿವಿಜ್ಞಾನಿ ಸಲೀಂ ಅಲಿ ಮತ್ತು ಗೀಜಗನ ಗೂಡು



ಮಳೆಗಾಲದಲ್ಲಿ ನಮ್ಮ ಶಹಾಡಿನಿಂದ ಕಸಾರಾ ಕಡೆಗೆ ಹೋಗುವ ಗಾಡಿಯಲ್ಲಿ ಕುಳಿತು ಕಿಟಕಿಯಿಂದ ಹೊರಗೆ ನೋಡಿರಿ. ನೀರು ನಿಂತ ಗದ್ದೆಗಳ ಬದಿಯ ತಾಳೆಮರದಲ್ಲೋ ಜಾಲಿಯ ಮರದಲ್ಲೋ ಗೀಜಗನ ಗೂಡುಗಳು ಗಾಳಿಗೆ ತೂಗಾಡುವುದು ಒಮ್ಮೊಮ್ಮೆ ಕಣ್ಣಿಗೆ ಬೀಳುತ್ತದೆ. ಹಿಡಿಯಲ್ಲಿ ಅಡಗುವಷ್ಟು ಚಿಕ್ಕ ಹಕ್ಕಿ. ಕೈಯಿಲ್ಲ, ಸೂಜಿಯಿಲ್ಲ, ಕಲಿಸಿದ ಗುರುವಿಲ್ಲ. ಆದರೂ ಹುಲ್ಲಿನ ಎಳೆಗಳನ್ನು ಕೊಕ್ಕಿನಿಂದ ಹೆಣೆದು, ಗಂಟುಹಾಕಿ, ಬಿರುಗಾಳಿಗೂ ಬೀಳದ ಮನೆಯನ್ನು ಅದು ಕಟ್ಟುತ್ತದೆ. ಹೀಗೆ ಹುಟ್ಟಿನೊಡನೆಯೇ ಬರುವ ಅರಿವನ್ನು ವಿಜ್ಞಾನಿಗಳು ಸಹಜಪ್ರವೃತ್ತಿಯೆಂದು ಕರೆಯುತ್ತಾರೆ. ಈ ಗೂಡಿನ ಮುಂದೆ ತಿಂಗಳುಗಟ್ಟಲೆ ಕುಳಿತು ಅದರ ಒಳಗುಟ್ಟನ್ನು ಲೋಕಕ್ಕೆ ತಿಳಿಸಿದ ಮಹನೀಯರೊಬ್ಬರು ನಮ್ಮ ಮುಂಬಯಿಯವರೇ ಆಗಿದ್ದರು. ಅವರೇ ಡಾಕ್ಟರ್ ಸಲೀಂ ಅಲಿಯವರು.

ಸಲೀಂ ಅಲಿಯವರು 1896ನೆಯ ಇಸವಿ ನವೆಂಬರ್ 12ರಂದು ಮುಂಬಯಿಯಲ್ಲಿ ಜನಿಸಿದರು. ಮನೆಯ ಮಕ್ಕಳಲ್ಲಿ ಇವರೇ ಕಿರಿಯರು. ವರ್ಷ ತುಂಬುವ ಹೊತ್ತಿಗೆ ತಂದೆಯನ್ನೂ, ಮೂರನೆಯ ವಯಸ್ಸಿನಲ್ಲಿ ತಾಯಿಯನ್ನೂ ಕಳೆದುಕೊಂಡ ಈ ಅನಾಥ ಬಾಲಕನನ್ನು ಸೋದರಮಾವನಾದ ಅಮೀರುದ್ದೀನ್ ತ್ಯಾಬ್ಜಿಯವರು ಖೇತವಾಡಿಯ ತಮ್ಮ ಮನೆಯಲ್ಲಿ ಸಾಕಿದರು. ಮಾವನವರಿಗೆ ಬೇಟೆಯ ಹವ್ಯಾಸ. ಅವರು ಕೊಡಿಸಿದ ಗಾಳಿಬಂದೂಕು ಬಾಲಕನ ಕೈಯಲ್ಲಿ ಸದಾ ಇರುತ್ತಿತ್ತು.

ಒಮ್ಮೆ ಗೂಡಿನ ಬಾಯಲ್ಲಿ ಕಾವಲು ಕುಳಿತಿದ್ದ ಗಂಡು ಗುಬ್ಬಚ್ಚಿಯೊಂದನ್ನು ಈ ಬಾಲಕ ಹೊಡೆದು ಬೀಳಿಸಿದನು. ಸ್ವಲ್ಪ ಹೊತ್ತಿನಲ್ಲಿಯೇ ಒಳಗಿದ್ದ ಹೆಣ್ಣು ಬೇರೊಂದು ಗಂಡನ್ನು ಕರೆತಂದು ಕಾವಲಿಗೆ ನಿಲ್ಲಿಸಿತು. ಏಳು ದಿನಗಳಲ್ಲಿ ಎಂಟು ಗಂಡುಗಳು ಬಿದ್ದವು. ಪ್ರತಿಸಲವೂ ಹೊಸದೊಂದು ಬಂದು ನಿಂತಿತು. ಮಾಡಿದ ಕೆಲಸವು ಕ್ರೂರವೆಂಬುದರಲ್ಲಿ ಸಂದೇಹವಿಲ್ಲ. ಬೇಟೆಯಾಡುವ ಚಪಲವು ಮನುಷ್ಯನಿಗೂ ಹುಟ್ಟಿನಿಂದಲೇ ಬಂದಿದೆಯೋ ಏನೋ! ಆದರೆ ಆ ಹುಡುಗನು ಹೊಡೆದು ಸುಮ್ಮನಾಗಲಿಲ್ಲ; ಕಂಡುದನ್ನು ಪುಸ್ತಕದಲ್ಲಿ ಬರೆದಿಟ್ಟನು. ಕೋವಿ ಹಿಡಿದ ಕೈಯೇ ಲೇಖನಿಯನ್ನೂ ಹಿಡಿಯಿತು. ಅವನ ಜೀವನದ ದಾರಿ ತಿರುಗಿದ್ದು ಇಲ್ಲಿಯೇ.

ಇನ್ನೊಮ್ಮೆ ಬಿದ್ದ ಗುಬ್ಬಚ್ಚಿಯ ಕುತ್ತಿಗೆಯಲ್ಲಿ ಹಳದಿ ಬಣ್ಣವಿತ್ತು. ಅದೇನೆಂದು ಮಾವನವರಿಗೂ ತಿಳಿಯದೆ, ಅವರು ಬಾಲಕನನ್ನು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಕಾರ್ಯದರ್ಶಿಗಳಾಗಿದ್ದ ಮಿಲ್ಲಾರ್ಡ್ ಎಂಬವರ ಬಳಿಗೆ ಕಳಿಸಿದರು. ಮಿಲ್ಲಾರ್ಡರು ಹಕ್ಕಿಯ ಹೆಸರನ್ನು ಹೇಳಿದ್ದಲ್ಲದೆ, ಕಪಾಟುಗಳನ್ನು ತೆರೆದು ಭಾರತದ ನೂರಾರು ಪಕ್ಷಿಗಳ ಸಂಗ್ರಹವನ್ನು ತೋರಿಸಿದರು. ಅಂದು ಮೂಡಿದ ಆಸಕ್ತಿಯು ಸಲೀಂ ಅಲಿಯವರ ಕೊನೆಯುಸಿರಿನವರೆಗೂ ಆರಲಿಲ್ಲ.

ಶಾಲೆಯಲ್ಲಿ ಅವರು ಮೊದಲ ಸಾಲಿನವರೇನೂ ಆಗಿರಲಿಲ್ಲ. 1913ರಲ್ಲಿ ಹೇಗೋ ಮೆಟ್ರಿಕ್ ದಾಟಿದರು. ಕಾಲೇಜಿನ ಮೊದಲ ವರ್ಷದ ಗಣಿತಕ್ಕೆ ಬೆದರಿ, ಅಣ್ಣನ ವ್ಯಾಪಾರಕ್ಕೆ ನೆರವಾಗಲು ಬರ್ಮಾ ದೇಶಕ್ಕೆ ಹೋದರು. ವ್ಯಾಪಾರವು ಕೈಹಿಡಿಯಲಿಲ್ಲ, ಅಲ್ಲಿನ ಕಾಡಿನ ಹಕ್ಕಿಗಳು ಮಾತ್ರ ಮನಸ್ಸನ್ನು ಹಿಡಿದವು. 1918ರಲ್ಲಿ ತೆಹಮೀನಾ ಬೇಗಂ ಅವರೊಡನೆ ವಿವಾಹವಾಯಿತು. ವಿಶ್ವವಿದ್ಯಾಲಯದ ಪದವಿಯಿಲ್ಲವೆಂಬ ಕಾರಣದಿಂದ ಪಕ್ಷಿವಿಜ್ಞಾನಿಯ ಸರಕಾರಿ ಹುದ್ದೆಯೊಂದು ಅವರಿಗೆ ದೊರೆಯದೆ ಹೋಯಿತು. ಮುಂದೆ 1926ರಲ್ಲಿ ಮುಂಬಯಿಯ ವಸ್ತುಸಂಗ್ರಹಾಲಯದಲ್ಲಿ ಬಂದವರಿಗೆ ವಿವರಿಸಿ ಹೇಳುವ ಉಪನ್ಯಾಸಕರ ಕೆಲಸ ಸಿಕ್ಕಿತು. 1928ರಲ್ಲಿ ರಜೆ ಪಡೆದು ಬರ್ಲಿನ್ನಿಗೆ ಹೋಗಿ, ಸ್ಟ್ರೆಸೆಮಾನ್ ಎಂಬ ಗುರುಗಳಲ್ಲಿ ಪಕ್ಷಿಶಾಸ್ತ್ರವನ್ನು ಕಲಿತು, 1930ರಲ್ಲಿ ಮರಳಿದರು. ಬಂದು ನೋಡಿದರೆ ಹಣದ ಅಭಾವದಿಂದ ಅವರ ಹುದ್ದೆಯನ್ನೇ ತೆಗೆದುಹಾಕಲಾಗಿತ್ತು!

ಉದ್ಯೋಗವಿಲ್ಲದ ದಂಪತಿಗಳು ಅಲಿಬಾಗಿನ ಸಮೀಪದ ಕಿಹೀಮ್ ಎಂಬ ಕಡಲತೀರದ ಹಳ್ಳಿಗೆ ಹೋಗಿ ನೆಲಸಿದರು. ಮನೆಯ ಹತ್ತಿರದಲ್ಲಿಯೇ ಗೀಜಗಗಳು ಗೂಡು ಕಟ್ಟುತ್ತಿದ್ದವು. ಮಳೆಗಾಲದ ಆ ದಿನಗಳಲ್ಲಿ ಸಲೀಂ ಅಲಿಯವರು ಮರೆಯಲ್ಲಿ ಕುಳಿತು, ಯಾವ ಹಕ್ಕಿ ಯಾವಾಗ ಏನು ಮಾಡಿತೆಂಬುದನ್ನು ಬರೆಯತೊಡಗಿದರು. ಅವರು ಕಂಡುದು ಹೀಗಿದೆ: ನೇಯುವುದು ಗಂಡಿನ ಕೆಲಸ. ಅದು ಗೂಡನ್ನು ಅರ್ಧಕ್ಕೆ, ಶಿರಸ್ತ್ರಾಣದ ಆಕಾರಕ್ಕೆ ತಂದು ನಿಲ್ಲಿಸಿ, ರೆಕ್ಕೆ ಬಡಿದು ಹೆಣ್ಣನ್ನು ಕರೆಯುತ್ತದೆ. ಹೆಣ್ಣು ಬಂದು ಪರೀಕ್ಷಿಸುತ್ತದೆ, ಒಪ್ಪಿಗೆಯಾಗದಿದ್ದರೆ ಹಾರಿಹೋಗುತ್ತದೆ. ಒಪ್ಪಿದರೆ ಮಾತ್ರ ಗಂಡು ಉಳಿದ ಭಾಗವನ್ನೂ ಕೊಳವೆಯಂಥ ಬಾಗಿಲನ್ನೂ ಪೂರೈಸುತ್ತದೆ. ಹೆಣ್ಣು ಕಾವಿಗೆ ಕುಳಿತಮೇಲೆ ಗಂಡು ಮತ್ತೊಂದು ಗೂಡನ್ನು ಆರಂಭಿಸಿ ಮತ್ತೊಂದು ಹೆಣ್ಣನ್ನು ಕರೆಯುತ್ತದೆ. ಒಂದು ಗೂಡಿಗೆ ಸುಮಾರು 18 ದಿನಗಳು, ಎಳೆಗಳನ್ನು ತರಲು 500ರವರೆಗೆ ಓಡಾಟ! ಈ ಅಧ್ಯಯನವು 1931ರಲ್ಲಿ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟವಾಗಿ ಅವರಿಗೆ ಕೀರ್ತಿಯನ್ನು ತಂದಿತು. ಕೆಲಸ ಕಳೆದುಕೊಂಡ ವರ್ಷವೇ ಅವರ ಬಾಳಿನ ಬೆಳಕಾಯಿತು.

ನಮ್ಮ ಕನ್ನಡ ನಾಡೂ ಅವರಿಗೆ ಋಣಿಯಾಗಿದೆ. ಮೈಸೂರು ಸಂಸ್ಥಾನದ ಪಕ್ಷಿಗಳ ಸಮೀಕ್ಷೆಯನ್ನು ಅವರು ಮಾಡಿದರು. ಶ್ರೀರಂಗಪಟ್ಟಣದ ಸಮೀಪ ಕಾವೇರಿಯ ನಡುಗಡ್ಡೆಗಳಲ್ಲಿ ಗೂಡು ಕಟ್ಟುತ್ತಿದ್ದ ಹಕ್ಕಿಗಳನ್ನು ಕಂಡು, ಅವುಗಳಿಗೆ ರಕ್ಷಣೆ ಬೇಕೆಂದು ಮಹಾರಾಜರಿಗೆ ಅರಿಕೆ ಮಾಡಿಕೊಂಡರು. 1940ರಲ್ಲಿ ರಂಗನತಿಟ್ಟು ಪಕ್ಷಿಧಾಮವಾಯಿತು. ಅದಕ್ಕೆ ಮುನ್ನ, 1939ರಲ್ಲಿ, ಪತ್ನಿ ತೀರಿಕೊಂಡಿದ್ದರು. ದುಃಖವನ್ನು ನುಂಗಿ ಅವರು ದುಡಿಮೆಯನ್ನು ಮುಂದುವರಿಸಿದರು. 1941ರಲ್ಲಿ ಭಾರತದ ಪಕ್ಷಿಗಳನ್ನು ಕುರಿತ ಅವರ ಪ್ರಸಿದ್ಧ ಗ್ರಂಥವೂ, 1968ರಿಂದ 1974ರವರೆಗೆ ಅಮೆರಿಕದ ರಿಪ್ಲಿಯವರೊಡನೆ ರಚಿಸಿದ ಹತ್ತು ಸಂಪುಟಗಳ ಕೈಪಿಡಿಯೂ ಹೊರಬಂದವು. 1958ರಲ್ಲಿ ಪದ್ಮಭೂಷಣ, 1976ರಲ್ಲಿ ಪದ್ಮವಿಭೂಷಣ ಪ್ರಶಸ್ತಿಗಳು ಲಭಿಸಿದವು. 1987ನೆಯ ಜೂನ್ ತಿಂಗಳಲ್ಲಿ, ತೊಂಬತ್ತು ವರ್ಷಗಳ ತುಂಬುಜೀವನವನ್ನು ಮುಗಿಸಿ ಅವರು ಮುಂಬಯಿಯಲ್ಲಿ ದಿವಂಗತರಾದರು.

ಇನ್ನು ಗೀಜಗನ ಗೂಡು ನಮಗೆ ಕಲಿಸಿದ ಒಂದು ಪಾಠವನ್ನು ಹೇಳಿ ಮುಗಿಸುತ್ತೇವೆ. ಗೀಜಗವು ಎಲ್ಲವನ್ನೂ ಹುಟ್ಟಿನಿಂದಲೇ ಪಡೆದು ಬಂದಿದೆಯೆ? ಇಲ್ಲ. ಕಾಲಿಯಾಸ್ ಎಂಬ ಅಮೆರಿಕದ ವಿಜ್ಞಾನಿ ದಂಪತಿಗಳು ಆಫ್ರಿಕದ ಗೀಜಗಗಳ ಮರಿಗಳನ್ನು ನೇಯುವ ಎಳೆಗಳೇ ಸಿಗದಂತೆ ಬೆಳೆಸಿ ನೋಡಿದರು. ದೊಡ್ಡವಾದ ಮೇಲೆ ಎಳೆಗಳನ್ನು ಕೊಟ್ಟಾಗ, ಆ ಹಕ್ಕಿಗಳು ನೇಯ್ಗೆಯಲ್ಲಿ ತಮ್ಮ ಓರಗೆಯವುಗಳಿಗಿಂತ ಬಹಳ ಹಿಂದೆ ಬಿದ್ದವು. ನೇಯುವ ಹಂಬಲ ಹುಟ್ಟಿನದು. ನೇಯುವ ಕೌಶಲ ಅಭ್ಯಾಸದ್ದು.

ಕೋಗಿಲೆಯ ಸಂಗತಿ ಬೇರೆ. ಕಾಗೆಯ ಗೂಡಿನಲ್ಲಿ ಬೆಳೆದರೂ ಅದು ದೊಡ್ಡದಾದ ಮೇಲೆ ಕೋಗಿಲೆಯಂತೆಯೇ ಹಾಡುತ್ತದೆ. ನಮ್ಮ ಮಾತೂ ಹಾಗೆಯೇ ಇರಬಹುದೆಂದು, ಮನೆಮಾತು ರಕ್ತದಲ್ಲಿ ಹರಿದುಬರುತ್ತದೆಂದು, ಊರು ಬಿಟ್ಟು ಇಲ್ಲಿಗೆ ಬಂದ ನಾವು ಬಹುಕಾಲ ನಂಬಿದ್ದೆವು. ನಮ್ಮ ಮನೆಯ ಕೂಸು ಆ ನಂಬಿಕೆಯನ್ನು ಕಳೆಯಿತು. ನಾವು ದಿನವೆಲ್ಲ ಹೊರಗೆ ದುಡಿಯುತ್ತಿದ್ದೆವು. ಅದು ಓಣಿಯ ಮಾತನ್ನು ಕಲಿಯಿತು. ರಜೆಯಲ್ಲಿ ಊರಿಗೆ ಹೋದಾಗ ಅಜ್ಜಿ ತೊಡೆಯ ಮೇಲೆ ಕೂರಿಸಿಕೊಂಡು ಮಾತನಾಡಿಸಿದರೆ, ಮಗು ಅವರ ಮುಖವನ್ನು ನೋಡುತ್ತ ಸುಮ್ಮನೆ ಕುಳಿತಿತು. ಅಜ್ಜಿಯ ಕಣ್ಣಲ್ಲಿ ಬಂದ ನೀರನ್ನು ನಾವು ಇಂದಿಗೂ ಮರೆತಿಲ್ಲ. ಅಂದಿನಿಂದ ಪ್ರತಿ ರಾತ್ರಿ ಮಗುವಿಗೆ ಒಂದು ಕನ್ನಡ ಕಥೆಯನ್ನು ಹೇಳತೊಡಗಿದೆವು. ಮರುವರ್ಷ ಅಜ್ಜಿಗೆ ಮೊಮ್ಮಗುವೇ ಕಥೆ ಹೇಳಿತು.

ಮಾತನಾಡುವ ಶಕ್ತಿ ಮನುಷ್ಯಶಿಶುವಿಗೆ ಹುಟ್ಟಿನ ವರ. ಯಾವ ಮಾತು ಎಂಬುದು ಕಿವಿಗೆ ಬಿದ್ದದ್ದು, ನಾಲಿಗೆ ಪಳಗಿದ್ದು. ಆದುದರಿಂದ ನೆರೆಹೊರೆಯ ಮರಾಠಿ, ಹಿಂದಿಗಳನ್ನು ಪ್ರೀತಿಯಿಂದ ಕಲಿಯಿರಿ. ಕನ್ನಡವನ್ನು ಮಾತ್ರ ತಾನಾಗಿ ಬರುತ್ತದೆಂದು ಬಿಡಬೇಡಿರಿ. ಮುಂದಿನ ಮಳೆಗಾಲದಲ್ಲಿ ಗೀಜಗನ ಗೂಡನ್ನು ಕಂಡರೆ ಕಲ್ಲೆಸೆಯದೆ, ದೂರದಲ್ಲಿ ನಿಂತು ನೋಡಿರಿ. ಕಂಡುದನ್ನು ನಾಲ್ಕು ಸಾಲು ಕನ್ನಡದಲ್ಲಿ ಬರೆದಿಡಿರಿ. ಸಲೀಂ ಅಲಿಯವರೂ ತೊಡಗಿದ್ದು ಅಂಥ ನಾಲ್ಕು ಸಾಲುಗಳಿಂದಲೇ.