ಪ್ಲಗ್ಗಿನ ಮೇಲಿನ ‘ಎ’ ಅಕ್ಷರ: ಆಂಡ್ರೆ ಮರೀ ಆಂಪೇರ್

ಹೋದ ಡಿಸೆಂಬರಿನ ಚಳಿಯಲ್ಲಿ ಗಾನವೃಂದದ ಅಭ್ಯಾಸಕ್ಕೆಂದು ಸಭಾಂಗಣದಲ್ಲಿ ಹೀಟರ್ ಹಾಕಿದೆವು. ಅದೇ ಪ್ಲಗ್ಗಿಗೆ ಎಕ್ಸ್‌ಟೆನ್ಷನ್ ಬಾಕ್ಸ್ ಸಿಕ್ಕಿಸಿ ಚಹಾಕ್ಕೆ ನೀರು ಕಾಯಿಸಲು ಕೆಟಲನ್ನೂ ಇಟ್ಟೆವು. ಎರಡನೆಯ ಹಾಡು ಮುಗಿಯುವ ಮೊದಲೇ ಸುಟ್ಟ ವಾಸನೆ ಬಂತು, ಫ್ಯೂಸ್ ಹೋಯಿತು, ಎಲ್ಲ ಕತ್ತಲು. ತಪ್ಪು ನಮ್ಮದೇ. ಪ್ಲಗ್ಗಿನ ಮೇಲೆ 6 ಎ ಎಂದು ಅಚ್ಚೊತ್ತಿತ್ತು, ನಾವು ಓದಿರಲಿಲ್ಲ. ಆ ‘ಎ’ ಎಂದರೆ ಆಂಪೇರ್ ಎಂದು ಹತ್ತನೇ ತರಗತಿಯ ಮಕ್ಕಳು ಥಟ್ಟನೆ ಹೇಳಿದರು. ಆದರೆ ಆಂಪೇರ್ ಒಬ್ಬ ಮನುಷ್ಯನ ಹೆಸರು, ಅವರು ನಮ್ಮಂತೆಯೇ ಕೈಯಲ್ಲಿ ಜಪಸರ ಹಿಡಿಯುತ್ತಿದ್ದ ಕಥೋಲಿಕರು ಎಂದಾಗ ಮಕ್ಕಳೂ ನಂಬಲಿಲ್ಲ, ಹಿರಿಯರೂ ನಂಬಲಿಲ್ಲ. ಅದಕ್ಕೇ ಈ ತಿಂಗಳು ಅವರ ಕಥೆ.

ಆಂಡ್ರೆ ಮರೀ ಆಂಪೇರ್ ಹುಟ್ಟಿದ್ದು 1775ರ ಜನವರಿ 20ರಂದು, ಫ್ರಾನ್ಸಿನ ಲಿಯೋನ್ ನಗರದಲ್ಲಿ. ಬೆಳೆದದ್ದು ಹತ್ತಿರದ ಪೊಲೆಮ್ಯು ಎಂಬ ಹಳ್ಳಿಯಲ್ಲಿ. ಶಾಲೆಗೆ ಹೋಗಲೇ ಇಲ್ಲ. ವ್ಯಾಪಾರಿಯಾಗಿದ್ದ ತಂದೆ ಮನೆಯ ಪುಸ್ತಕಗಳನ್ನೆಲ್ಲ ಮಗನ ಮುಂದಿಟ್ಟು, ಇಷ್ಟ ಬಂದದ್ದನ್ನು ಓದಲು ಬಿಟ್ಟರು. ದೊಡ್ಡ ಗಣಿತಜ್ಞರ ಗ್ರಂಥಗಳು ಲತೀನಿನಲ್ಲಿವೆ ಎಂದು ತಿಳಿದಾಗ ಹುಡುಗ ಲತೀನನ್ನೇ ಕಲಿತ. ಮನೆಯ ಭಾಷೆ ಒಂದು, ಶಾಲೆಯ ಭಾಷೆ ಇನ್ನೊಂದು, ಪೂಜೆಯ ಭಾಷೆ ಮತ್ತೊಂದು ಎಂದು ಗೊಣಗುವ ನಮ್ಮ ಮಕ್ಕಳಿಗೆ ಇದನ್ನು ಹೇಳಬೇಕು.

ಆಮೇಲೆ ಕ್ರಾಂತಿ ಬಂತು. 1793ರ ನವೆಂಬರಿನಲ್ಲಿ ತಂದೆಯನ್ನು ಗಿಲೊಟಿನ್ ಯಂತ್ರಕ್ಕೆ ಒಡ್ಡಿ ತಲೆ ಕಡಿದರು. ಮಗನಿಗೆ ಆಗ 18 ವರ್ಷ. ಒಂದು ವರ್ಷಕ್ಕೂ ಹೆಚ್ಚು ಕಾಲ ಆತ ಪುಸ್ತಕ ಮುಟ್ಟಲಿಲ್ಲ. ಕೊನೆಗೆ ಅವರನ್ನು ಎಬ್ಬಿಸಿದ್ದು ಗಣಿತವಲ್ಲ, ಗಿಡಮರಗಳ ಅಧ್ಯಯನ ಮತ್ತು ಕವಿತೆ. 1799ರಲ್ಲಿ ಜೂಲಿ ಎಂಬಾಕೆಯನ್ನು ಮದುವೆಯಾದರು, ಮರುವರ್ಷ ಗಂಡುಮಗು ಹುಟ್ಟಿತು. ಹೊಟ್ಟೆಪಾಡಿಗಾಗಿ ಬೂರ್ ಎಂಬ ಊರಿನಲ್ಲಿ ಮೇಷ್ಟರಾಗಿ ಹೋದಾಗ ಕಾಯಿಲೆಯ ಹೆಂಡತಿಯನ್ನು ಲಿಯೋನಿನಲ್ಲೇ ಬಿಡಬೇಕಾಯಿತು. 1803ರ ಜುಲೈನಲ್ಲಿ ಆಕೆ ತೀರಿಕೊಂಡರು. ಪ್ಯಾರಿಸ್ಸಿಗೆ ಹೋದ ಮೇಲೆ ಆದ ಎರಡನೆಯ ಮದುವೆ ಮುರಿದುಬಿತ್ತು. ವಿಶ್ವಾಸವೂ ಅಲುಗಾಡಿತು, ಅವರು ಹಲವು ವರ್ಷ ಸಂದೇಹದಲ್ಲೇ ತೊಳಲಾಡಿ, ನಂತರ ಧರ್ಮಸಭೆಯ ಮಡಿಲಿಗೆ ಮರಳಿದರು. ಇಂಥವರ ಬಾಳನ್ನು ಬರೆಯುವಾಗ ಈ ವರ್ಷಗಳನ್ನು ಹಾರಿಸಿಬಿಡುವವರಿದ್ದಾರೆ. ನಮಗೆ ಅದು ಸರಿಯೆನಿಸುವುದಿಲ್ಲ.

1820ರ ಸೆಪ್ಟೆಂಬರಿನಲ್ಲಿ ಒಂದು ಸುದ್ದಿ ಬಂತು. ವಿದ್ಯುತ್ ಹರಿಯುವ ತಂತಿಯ ಬಳಿ ದಿಕ್ಸೂಚಿಯ ಮುಳ್ಳು ತಿರುಗುತ್ತದೆಂದು ಡೆನ್ಮಾರ್ಕಿನ ಅರ್ಸ್ಟೆಡ್ ಕಂಡುಹಿಡಿದಿದ್ದರು. 11ರಂದು ಪ್ಯಾರಿಸ್ಸಿನ ವಿಜ್ಞಾನ ಅಕಾಡೆಮಿಯಲ್ಲಿ ಅದನ್ನು ಮಾಡಿ ತೋರಿಸಲಾಯಿತು. ಒಂದೇ ವಾರದಲ್ಲಿ, 18ರಂದು, ಆಂಪೇರ್ ತಮ್ಮ ಮೊದಲ ಲೇಖನವನ್ನು ಅಲ್ಲಿ ಮಂಡಿಸಿದರು. ಎರಡು ತಂತಿಗಳಲ್ಲಿ ಪ್ರವಾಹ ಒಂದೇ ದಿಕ್ಕಿಗೆ ಹರಿದರೆ ಅವು ಪರಸ್ಪರ ಸೆಳೆಯುತ್ತವೆ, ಎದುರು ದಿಕ್ಕಿಗೆ ಹರಿದರೆ ದೂಡುತ್ತವೆ ಎಂದು ತೋರಿಸಿದರು. ಆಗ ಅವರಿಗೆ 45 ವರ್ಷ.

ಆದರೆ ಪರೀಕ್ಷೆಗೆ ಓದುವ ಮಕ್ಕಳಿಗೆ ಅವರ ಇನ್ನೊಂದು ಉಪಕಾರವೇ ದೊಡ್ಡದು. ಅಲ್ಲಿಯವರೆಗೆ ಜನ ಬೆರೆಸಿ ಮಾತಾಡುತ್ತಿದ್ದ ಎರಡು ಸಂಗತಿಗಳನ್ನು ಅವರು ಬಿಡಿಸಿಟ್ಟರು: ಒಂದು ಒತ್ತಡ, ಇನ್ನೊಂದು ಪ್ರವಾಹ. ಮೊದಲನೆಯದನ್ನು ನಾವು ಇಂದು ವೋಲ್ಟಿನಲ್ಲಿ ಅಳೆಯುತ್ತೇವೆ, ಎರಡನೆಯದನ್ನು ಆಂಪೇರಿನಲ್ಲಿ. ತಂತಿ ಬಿಚ್ಚಿದಾಗಲೂ ಬ್ಯಾಟರಿಯ ತುದಿಗಳಲ್ಲಿ ಒತ್ತಡ ಇರುತ್ತದೆ, ಪ್ರವಾಹ ಮಾತ್ರ ಇರುವುದಿಲ್ಲ. ಮಂಡಲ ಮುಚ್ಚಿದಾಗ ಪ್ರವಾಹ ತಂತಿಯಲ್ಲಷ್ಟೇ ಅಲ್ಲ, ಬ್ಯಾಟರಿಯ ಒಳಗೂ ಸುತ್ತುತ್ತದೆ. ಬ್ಯಾಟರಿಯ ಮೇಲೆ ಹಿಡಿದ ಮುಳ್ಳೂ ತಿರುಗುವುದನ್ನು ಅವರು ನೋಡಿದ್ದರು. ಬಲ್ಬು ಪ್ರವಾಹವನ್ನು ತಿಂದುಬಿಡುತ್ತದೆ ಎಂದು ಬರೆದು ಅಂಕ ಕಳೆದುಕೊಳ್ಳುವ ಮಕ್ಕಳು ಇದನ್ನು ಗಮನಿಸಲಿ. ಸರಣಿ ಜೋಡಣೆಯಲ್ಲಿ ಬಲ್ಬಿಗೆ ಬರುವಷ್ಟೇ ಪ್ರವಾಹ ಬಲ್ಬಿನಿಂದ ಹೊರಗೂ ಹೋಗುತ್ತದೆ. ಖರ್ಚಾಗುವುದು ಶಕ್ತಿ.

ನಮ್ಮವರಿಗೆ ಇದನ್ನು ತಿಳಿಸಲು ದೂರ ಹೋಗಬೇಕಿಲ್ಲ, ಮಸಿನಗುಡಿಯ ಬಳಿಯ ಸಿಂಗಾರಕ್ಕೆ ಹೋದರೆ ಸಾಕು. ಪೈಕಾರದ ನೀರು ದೊಡ್ಡ ಕೊಳವೆಗಳಲ್ಲಿ ಸುಮಾರು 3,000 ಅಡಿ ಕೆಳಗಿಳಿದು ಅಲ್ಲಿನ ಚಕ್ರಗಳನ್ನು ತಿರುಗಿಸುತ್ತದೆ. 1932ರಿಂದ ಇದು ನಡೆದಿದೆ. ಎಷ್ಟು ಎತ್ತರದಿಂದ ಬೀಳುತ್ತದೆ ಎಂಬುದು ವೋಲ್ಟಿನಂತೆ, ಕ್ಷಣಕ್ಕೆ ಎಷ್ಟು ನೀರು ಹರಿಯುತ್ತದೆ ಎಂಬುದು ಆಂಪೇರಿನಂತೆ. ಚಕ್ರ ತಿರುಗಿಸಿದ ನೀರು ಕಡಿಮೆಯಾಗುವುದಿಲ್ಲ, ಮುಂದೆ ಮೋಯಾರ್ ವಿದ್ಯುದಾಗಾರಕ್ಕೂ ಹೋಗುತ್ತದೆ, ಕಳೆದುಕೊಂಡದ್ದು ಎತ್ತರವನ್ನು.

ಇನ್ನು ನಮ್ಮ ಸಭಾಂಗಣದ ಲೆಕ್ಕ. ಹೀಟರ್ 2000 ವಾಟ್, ಕೆಟಲ್ 1500. ಎರಡೂ ಸಮಾಂತರ ಜೋಡಣೆಯಲ್ಲಿರುವುದರಿಂದ ಪ್ರವಾಹಗಳು ಕೂಡುತ್ತವೆ. 3500ನ್ನು 230 ವೋಲ್ಟಿನಿಂದ ಭಾಗಿಸಿದರೆ 15 ಆಂಪೇರಿಗೂ ಹೆಚ್ಚು. 6 ಆಂಪೇರಿನ ಪ್ಲಗ್ ಕರಗದೆ ಇನ್ನೇನು?

ಆಂಪೇರ್ ಅವರ ಕೊನೆಯ ವರ್ಷಗಳ ಒಂದು ಸಂಗತಿ ವಿನ್ಸೆಂಟ್ ಡಿ ಪೌಲ್ ಸಭೆಯ ಬಂಧುಗಳಿಗೆ ಖುಷಿ ಕೊಟ್ಟೀತು. 1831ರಲ್ಲಿ ಕಾನೂನು ಓದಲು ಪ್ಯಾರಿಸ್ಸಿಗೆ ಬಂದ ಬಡಪಾಯಿ ಹುಡುಗನೊಬ್ಬನಿಗೆ ಅವರು ತಮ್ಮ ಮನೆಯಲ್ಲೇ ಜಾಗ ಕೊಟ್ಟರು. ಆತನೇ ಫ್ರೆಡರಿಕ್ ಓಝಾನಮ್, 1833ರಲ್ಲಿ ಗೆಳೆಯರೊಡನೆ ಆ ಸಭೆಯನ್ನು ಆರಂಭಿಸಿದವರು, 1997ರಲ್ಲಿ ಪುನೀತರೆಂದು ಘೋಷಿತರಾದವರು. ಮನಸ್ಸು ಕುಗ್ಗಿದ್ದ ಒಂದು ದಿನ ಓಝಾನಮ್ ದೇವಾಲಯಕ್ಕೆ ಹೋದಾಗ, ಮೂಲೆಯಲ್ಲಿ ಮೊಣಕಾಲೂರಿ ಜಪಸರ ಹೇಳುತ್ತಿದ್ದ ಮುದುಕರು ಕಂಡರಂತೆ. ಅವರೇ ಆಂಪೇರ್.

ಆಂಪೇರ್ ವಿದ್ಯಾಲಯಗಳ ತಪಾಸಣೆಗೆಂದು ಹೊರಟಿದ್ದಾಗ ಮಾರ್ಸೇಲ್ ನಗರದಲ್ಲಿ ಕಾಯಿಲೆ ಬಿದ್ದು 1836ರ ಜೂನ್ 10ರಂದು ತೀರಿಕೊಂಡರು. ಹಾಸಿಗೆಯ ಪಕ್ಕ ಕುಳಿತವರು ‘ಕ್ರಿಸ್ತಾನುಕರಣೆ’ ಓದಿ ಹೇಳಲು ಹೊರಟಾಗ, ಆ ಪುಸ್ತಕ ತಮಗೆ ಬಾಯಿಪಾಠವಿದೆ ಎಂದು ತಿಳಿಸಿದರಂತೆ. 1869ರಲ್ಲಿ ಅವರ ಅಸ್ಥಿಗಳನ್ನು ಪ್ಯಾರಿಸ್ಸಿನ ಮೊಂಮಾರ್ತ್ರ್ ಸಮಾಧಿಭೂಮಿಗೆ ತಂದು ಮಗನ ಪಕ್ಕದಲ್ಲಿಟ್ಟರು. ವಿದ್ಯುತ್ ಪ್ರವಾಹದ ಅಳತೆಗೆ ಅವರ ಹೆಸರು ಬಂದದ್ದು 1881ರಲ್ಲಿ, ಪ್ಯಾರಿಸ್ಸಿನ ಅಂತರರಾಷ್ಟ್ರೀಯ ವಿದ್ಯುತ್ ಸಮ್ಮೇಳನದಲ್ಲಿ.

ಸಭಾಂಗಣದ ಹೀಟರಿಗೆ ಈಗ 16 ಆಂಪೇರಿನ ಬೇರೆ ಪ್ಲಗ್ ಹಾಕಿಸಿದ್ದೇವೆ. ಕೆಟಲ್ ಅಡುಗೆಮನೆಗೆ ಹೋಗಿದೆ.