ಬೆಣ್ಣೆಹಣ್ಣನ್ನು ಬಣ್ಣಿಸಿದ ಕಡಲ್ಗಳ್ಳ

ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯ ನಮಗೆ ಜಿಡ್ಡಿನ ಪದಾರ್ಥವೆಂದರೆ ಮೊದಲು ನೆನಪಾಗುವುದು ಶೇಂಗಾ. ಮಳೆ ತೀರ ಕಡಿಮೆಯಾದ ಈ ಕೆಂಪು ನೆಲದಲ್ಲಿ ರೈತನ ಭರವಸೆ ಅದು. ಚಳ್ಳಕೆರೆಗೆ ಎಣ್ಣೆಯ ಊರೆಂಬ ಹೆಸರನ್ನು ತಂದುಕೊಟ್ಟದ್ದೂ ಅದೇ. ಜೋಳದ ರೊಟ್ಟಿಯ ಪಕ್ಕದಲ್ಲಿ ಶೇಂಗಾ ಚಟ್ನಿ ಇಲ್ಲದ ಊಟವನ್ನು ಇಲ್ಲಿಯವರು ಊಟವೆಂದು ಒಪ್ಪುವುದು ಕಷ್ಟ. ಇಷ್ಟು ನಮ್ಮದಾಗಿಬಿಟ್ಟಿರುವ ಈ ಕಾಳು ಮೂಲತಃ ದಕ್ಷಿಣ ಅಮೆರಿಕದ್ದೆಂದರೆ ತರಗತಿಯ ಹುಡುಗರು ನಂಬಲು ಹಿಂಜರಿಯುತ್ತಾರೆ. ಮೆಣಸಿನಕಾಯಿ, ಟೊಮೇಟೊ, ಸೀತಾಫಲ, ಸೀಬೆ, ಕಡೆಗೆ ಬೇಲಿಯ ಪಾಪಾಸುಕಳ್ಳಿಯೂ ಆ ಕಡೆಯಿಂದಲೇ ಬಂದವು. 1508ರ ಸುಮಾರಿನಲ್ಲಿ ಸೂಪಶಾಸ್ತ್ರವನ್ನು ರಚಿಸಿದ ನಮ್ಮ ಮೂರನೆಯ ಮಂಗರಸನಿಗೆ ಹಸಿಮೆಣಸಿನಕಾಯಿ ಏನೆಂದು ತಿಳಿದಿರಲಿಲ್ಲವೆಂಬುದನ್ನು ನೆನೆದರೆ ಇತಿಹಾಸ ಅಡಿಗೆಮನೆಗೂ ಹೇಗೆ ಹೊಕ್ಕಿದೆಯೆಂಬುದು ಮನವರಿಕೆಯಾದೀತು.

ಅದೇ ಖಂಡದಿಂದ ನಮ್ಮಲ್ಲಿಗೆ ತಡವಾಗಿ ಬಂದ ನಂಟ ಬೆಣ್ಣೆಹಣ್ಣು. ಕೊಡಗು, ಚಿಕ್ಕಮಗಳೂರುಗಳ ಕಾಫಿ ತೋಟಗಳ ನೆರಳಿನಲ್ಲಿ ಬೆಳೆದು, ಮಳೆಗಾಲದ ತಿಂಗಳುಗಳಲ್ಲಿ ಪೇಟೆಗೆ ಇಳಿದುಬರುವ ಈ ಹಣ್ಣನ್ನು ಹಾಲು ಸಕ್ಕರೆಗಳೊಡನೆ ಕಡೆದು ಕುಡಿಯುವುದು ಬೆಂಗಳೂರಿನ ಹಣ್ಣಿನ ರಸದ ಅಂಗಡಿಗಳ ಪದ್ಧತಿ. ಹಣ್ಣಿನ ತವರಾದ ಮೆಕ್ಸಿಕೋ ದೇಶದವರಾದರೋ ಇದನ್ನು ಉಪ್ಪು ಖಾರ ಬೆರೆಸಿ ಅರೆದು, ರೊಟ್ಟಿಗೆ ಹಚ್ಚಿ ತಿನ್ನುತ್ತಾರೆ. ಅಲ್ಲಿಯ ಪ್ರಾಚೀನ ನಾವಾಟ್ಲ್ ಭಾಷೆಯಲ್ಲಿ ಆವಾಕಟ್ಲ್ ಎಂದರೆ ಈ ಹಣ್ಣು, ಮೊಲ್ಲಿ ಎಂದರೆ ನೆಂಚಿಕೊಳ್ಳುವ ವ್ಯಂಜನ. ಎರಡೂ ಸೇರಿ, ಸ್ಪೇನಿನವರ ನಾಲಗೆಯಲ್ಲಿ ಸವೆದು, ಗ್ವಾಕಮೋಲೆ ಎಂದಾಯಿತು. ಕನ್ನಡದಲ್ಲಿ ಬೆಣ್ಣೆಹಣ್ಣಿನ ಚಟ್ನಿ ಎಂದರೆ ಅಕ್ಷರಶಃ ಅದೇ ಅರ್ಥ.

ಈ ಹಣ್ಣನ್ನು ತಿನ್ನುವ ಬಗೆಯನ್ನು ಇಂಗ್ಲಿಷಿನಲ್ಲಿ ಅಚ್ಚು ಹಾಕಿಸಿದ ಮೊದಲಿಗರಲ್ಲಿ ಒಬ್ಬ ವಿಲಿಯಂ ಡ್ಯಾಂಪಿಯರ್. ಅವನು ಬಾಣಸಿಗನಲ್ಲ, ಸಸ್ಯಶಾಸ್ತ್ರಜ್ಞನೂ ಅಲ್ಲ, ಕಡಲ್ಗಳ್ಳ. ಭೂಮಿಯನ್ನು ಮೂರು ಬಾರಿ ಸುತ್ತಿ ಬಂದ ಮೊದಲ ಮನುಷ್ಯನೆಂಬ ಕೀರ್ತಿಯೂ ಅವನದು.

ಇಂಗ್ಲೆಂಡಿನ ಸಾಮರ್ಸೆಟ್ ಪ್ರಾಂತದ ಈಸ್ಟ್ ಕೋಕರ್ ಎಂಬ ಹಳ್ಳಿ ಅವನ ಹುಟ್ಟೂರು. ಟಿ. ಎಸ್. ಎಲಿಯಟ್ ಕವಿಯ ಕಾವ್ಯವನ್ನು ಓದಿದವರಿಗೆ ಈ ಹೆಸರು ಪರಿಚಿತವಾಗಿರಬೇಕು. ಆ ಕವಿಯ ಅಸ್ಥಿಯನ್ನಿರಿಸಿದ ಇಗರ್ಜಿಯಲ್ಲಿಯೇ ಡ್ಯಾಂಪಿಯರನ ಸ್ಮಾರಕ ಫಲಕವೂ ಇದೆ. 1651ರ ಸೆಪ್ಟೆಂಬರಿನಲ್ಲಿ ಅವನಿಗೆ ನಾಮಕರಣವಾಯಿತು. ತಂದೆ ಗೇಣಿಯ ಒಕ್ಕಲು. ಎಳವೆಯಲ್ಲಿಯೇ ತಂದೆತಾಯಿಗಳನ್ನು ಕಳೆದುಕೊಂಡ ಹುಡುಗ ಹಡಗು ಹತ್ತಿದನು. ನ್ಯೂಫೌಂಡ್‌ಲೆಂಡಿನ ಚಳಿಯನ್ನು ಕಂಡು ಬೇಸತ್ತು, ಜಾವಾದ ಬಿಸಿಲನ್ನು ಮೆಚ್ಚಿ, 1673ರ ಡಚ್ ಯುದ್ಧದಲ್ಲಿ ಕಾಯಿಲೆ ಬಿದ್ದು, ಮರುವರ್ಷ ಜಮೈಕಾದ ತೋಟವೊಂದಕ್ಕೆ ಕೆಲಸಕ್ಕೆ ಹೋದನು. ಅಲ್ಲಿಯೂ ನಿಲ್ಲಲಿಲ್ಲ. ಮೆಕ್ಸಿಕೋದ ಕಾಂಪೀಚಿ ಕೊಲ್ಲಿಯ ಜೌಗು ಕಾಡುಗಳಲ್ಲಿ, ಬಟ್ಟೆಗೆ ಬಣ್ಣ ಕೊಡುವ ಮರವನ್ನು ಕಡಿಯುವ ಒರಟು ಜನರ ನಡುವೆ ಕೆಲ ವರ್ಷ ಕಳೆದನು. 1678ರಲ್ಲಿ ಊರಿಗೆ ಬಂದು ಜೂಡಿತ್ ಎಂಬವಳನ್ನು ಮದುವೆಯಾದನು. ಮರುವರ್ಷ ಮತ್ತೆ ಹಡಗು ಹತ್ತಿದವನು ಹಿಂದಿರುಗಿದ್ದು ಹನ್ನೆರಡು ವರ್ಷಗಳ ಮೇಲೆ. ಆ ಹೆಣ್ಣುಮಗಳ ಹನ್ನೆರಡು ವರ್ಷಗಳ ಕಥೆಯನ್ನು ಯಾರೂ ಬರೆದಿಡಲಿಲ್ಲ.

ಈ ಅವಧಿಯಲ್ಲಿ ಡ್ಯಾಂಪಿಯರನ ವೃತ್ತಿ ದರೋಡೆ. ಸ್ಪೇನಿನವರ ಬಂದರುಗಳನ್ನೂ ಹಡಗುಗಳನ್ನೂ ಕೊಳ್ಳೆ ಹೊಡೆಯುವ ಬುಕನೀರರ ಗುಂಪುಗಳಲ್ಲಿ, ಒಂದನ್ನು ಬಿಟ್ಟು ಇನ್ನೊಂದನ್ನು ಸೇರುತ್ತ, ಅವನು ಅಲೆದನು. ಆದರೆ ಜೊತೆಗಾರರಿಗಿಲ್ಲದ ಒಂದು ಚಟ ಅವನಿಗಿತ್ತು: ದಿನಚರಿ ಬರೆಯುವುದು. ಗಾಳಿಯ ದಿಕ್ಕು, ಪ್ರವಾಹದ ವೇಗ, ಆಮೆಯ ಮಾಂಸದ ರುಚಿ, ಮರದ ತೊಗಟೆಯ ಬಣ್ಣ ಎಲ್ಲವೂ ಅಲ್ಲಿ ದಾಖಲಾಗುತ್ತಿದ್ದವು. 1681ರಲ್ಲಿ ಪನಾಮಾದ ಭೂಸಂಧಿಯ ಕಾಡುಗಳನ್ನು ಸುರಿಮಳೆಯಲ್ಲಿ ಕಾಲ್ನಡಿಗೆಯಿಂದ ದಾಟಬೇಕಾದಾಗ, ಬರೆದ ಹಾಳೆಗಳನ್ನು ದಪ್ಪ ಬಿದಿರಿನ ನಳಿಗೆಯೊಳಗಿಟ್ಟು, ಎರಡೂ ತುದಿಗಳನ್ನು ಮೇಣದಿಂದ ಮುಚ್ಚಿ, ತುಂಬಿದ ಹೊಳೆಗಳನ್ನು ಈಜಿ ದಾಟಿದನು. ಓಲೆಗರಿಗಳನ್ನು ಅಟ್ಟದ ಮೇಲೆ ಗೆದ್ದಲಿಗೆ ಬಿಟ್ಟುಕೊಟ್ಟ ಪಂಡಿತ ಮನೆತನಗಳನ್ನು ಬಲ್ಲ ನಾವು ಈ ಕಳ್ಳನ ಶ್ರದ್ಧೆಗೆ ತಲೆದೂಗಲೇಬೇಕು.

1685ರಲ್ಲಿ ಅವರ ಹಡಗುಗಳು ಪನಾಮಾ ಕೊಲ್ಲಿಯ ದ್ವೀಪಗಳ ನಡುವೆ, ಲೀಮಾದಿಂದ ಬೆಳ್ಳಿ ಹೊತ್ತು ಬರುವ ಸ್ಪೇನಿನ ನೌಕಾಪಡೆಗಾಗಿ ಹೊಂಚು ಹಾಕಿದ್ದವು. ಕಾದಾಟವೇನೋ ನಡೆಯಿತು, ಬೆಳ್ಳಿ ಸಿಕ್ಕಲಿಲ್ಲ. ಆ ಕೊಲ್ಲಿಯ ಪ್ರಕರಣದಲ್ಲಿಯೇ ಡ್ಯಾಂಪಿಯರ್ ಬೆಣ್ಣೆಹಣ್ಣಿನ ಮರವನ್ನು ವರ್ಣಿಸಿರುವುದು. ಹಣ್ಣು ದೊಡ್ಡ ನಿಂಬೆಯಷ್ಟು, ಹಸಿರು ಬಣ್ಣದ್ದು, ಪಕ್ವವಾದಾಗ ಕೊಂಚ ಹಳದಿಗೆ ತಿರುಗುವಂಥದು. ಕಿತ್ತು ಎರಡು ಮೂರು ದಿನ ಇಟ್ಟ ಹೊರತು ತಿನ್ನಲು ಬಾರದು. ಆಮೇಲೆ ಸಿಪ್ಪೆ ಸಲೀಸಾಗಿ ಬಿಡುತ್ತದೆ, ತಿರುಳು ಬೆಣ್ಣೆಯಂತೆ ಮೃದುವಾಗಿರುತ್ತದೆ. ಅದಕ್ಕೆ ತನ್ನದೇ ಆದ ರುಚಿಯಿಲ್ಲವೆಂದೂ, ಆದುದರಿಂದ ಸಕ್ಕರೆ ಮತ್ತು ನಿಂಬೆರಸದೊಡನೆ ತಟ್ಟೆಯಲ್ಲಿ ಕಲಸಿ ತಿನ್ನುವರೆಂದೂ, ಸಾಮಾನ್ಯರು ಚಿಟಿಕೆ ಉಪ್ಪು ಮತ್ತು ಸುಟ್ಟ ಬಾಳೆಕಾಯಿಯೊಡನೆ ತಿಂದು ಹೊಟ್ಟೆ ತುಂಬಿಸಿಕೊಳ್ಳುವರೆಂದೂ ಹೇಳಿದ್ದಾನೆ. ಇದು ಕಾಮೋದ್ದೀಪಕವೆಂಬ ಲೋಕವಾರ್ತೆಯನ್ನೂ ಸೇರಿಸದೆ ಬಿಟ್ಟಿಲ್ಲ. ಮೆದುತನಕ್ಕೆ ಅವನು ಹಿಡಿದ ಹೋಲಿಕೆಯೂ ನಮ್ಮ ಭಾಷೆಯಲ್ಲಿ ಹಣ್ಣಿಗೆ ನಿಂತ ಹೆಸರೂ ಒಂದೇ ಆಗಿರುವುದು ಸೊಗಸಾದ ಕಾಕತಾಳೀಯ.

ಇದನ್ನೇ ಇಂಗ್ಲಿಷಿನ ಮೊದಲ ಗ್ವಾಕಮೋಲೆ ಎಂದು ಕೊಂಡಾಡುವವರಿದ್ದಾರೆ. ನನಗೆ ಅದು ಒಪ್ಪಿಗೆಯಾಗದು. ಸಕ್ಕರೆ ಬೆರೆಸಿದ ಆ ತಟ್ಟೆ ಮೆಕ್ಸಿಕೋದ ಚಟ್ನಿಗಿಂತ ಬೆಂಗಳೂರಿನ ಬೆಣ್ಣೆಹಣ್ಣಿನ ರಸಕ್ಕೇ ಹತ್ತಿರ. ಸಕ್ಕರೆ ಮಾಡುವ ವಿದ್ಯೆ ಲೋಕಕ್ಕೆ ಹೋದದ್ದು ಭಾರತದಿಂದ; ನಿಂಬೆಯೂ ಏಷ್ಯದ ಕಡೆಯದೇ. ಉಪ್ಪು ಮತ್ತು ಸುಟ್ಟ ಬಾಳೆಕಾಯಿಯ ಬಡವರ ಊಟದಲ್ಲಿ ಮಾತ್ರ ನಿಜವಾದ ಗ್ವಾಕಮೋಲೆಯ ವಾಸನೆ ಸ್ವಲ್ಪ ಬರುತ್ತದೆ.

ನಿಜವಾದುದನ್ನು ಮಾಡಲು ನಮ್ಮ ಸೀಮೆಯಲ್ಲಿ ಹಣ್ಣೊಂದನ್ನು ಬಿಟ್ಟು ಉಳಿದುದಕ್ಕೆ ಕೊರತೆಯಿಲ್ಲ. ಈರುಳ್ಳಿಯಂತೂ ಚಳ್ಳಕೆರೆಯ ಹೊಲಗಳದೇ. ಬೆಣ್ಣೆಹಣ್ಣು ಮರದಲ್ಲಿ ಮಾಗುವುದಿಲ್ಲ, ಕಿತ್ತ ಮೇಲೆಯೇ ಮೆತ್ತಗಾಗುವುದು. ಡ್ಯಾಂಪಿಯರ್ ಗಮನಿಸಿದ್ದು ಸರಿಯಾಗಿಯೇ ಇದೆ. ಗಟ್ಟಿ ಕಾಯನ್ನು ಮಾಗಿದ ಬಾಳೆಹಣ್ಣಿನ ಜೊತೆಗೆ ಮುಚ್ಚಿಟ್ಟರೆ ಬೇಗ ಹದಕ್ಕೆ ಬರುತ್ತದೆ. ತೊಟ್ಟಿನ ಬಳಿ ಹೆಬ್ಬೆರಳಿನಿಂದ ಮೆಲ್ಲನೆ ಒತ್ತಿದಾಗ ತುಸು ಬಗ್ಗಿದರೆ ಸಾಕು. ಕುಳಿ ಬಿದ್ದರೆ ಹೊತ್ತು ಮೀರಿತೆಂದು ತಿಳಿಯಬೇಕು. ಮೊದಲು ಈರುಳ್ಳಿಯ ಸಣ್ಣ ಚೂರು, ಹಸಿಮೆಣಸಿನಕಾಯಿ, ಕೊತ್ತಂಬರಿ ಸೊಪ್ಪು, ಉಪ್ಪು ಇಷ್ಟನ್ನೂ ಕಲ್ಲಿನಲ್ಲಿ ಜಜ್ಜಿಕೊಳ್ಳಬೇಕು. ಮೆಕ್ಸಿಕೋದವರು ಬಳಸುವುದೂ ನಮ್ಮ ಒರಳಿನ ತಮ್ಮನಂತಿರುವ ಕಲ್ಲನ್ನೇ. ಅನಂತರ ತಿರುಳನ್ನು ಹಾಕಿ ತರಿತರಿಯಾಗಿ ಮಸೆದು, ಬೀಜ ತೆಗೆದ ಟೊಮೇಟೊ ಚೂರು ಮತ್ತು ನಿಂಬೆರಸವನ್ನು ಕೂಡಿಸಬೇಕು. ಮಿಕ್ಸಿಗೆ ಹಾಕಿದರೆ ಮುಲಾಮಾಗುತ್ತದೆ. ನಮ್ಮವರಿಗೆ ಕೈ ತುರಿಸಿದರೂ ಒಗ್ಗರಣೆ ಕೂಡದು. ಬೆಂಕಿ ತಾಗಿದರೆ ಈ ಹಣ್ಣು ಕಹಿಯಾಗುತ್ತದೆ. ಗಾಳಿ ತಾಗಿದರೆ ಕಪ್ಪಾಗುತ್ತದೆ. ನಿಂಬೆಯ ಹುಳಿ ಅದನ್ನು ಕೊಂಚ ತಡೆಯುತ್ತದೆ. ಒಳಗೆ ಓಟೆಯನ್ನಿಟ್ಟರೆ ಕಪ್ಪಾಗದೆಂಬ ನಂಬಿಕೆಗೆ ಆಧಾರವಿಲ್ಲ; ಓಟೆ ಕೂತ ಜಾಗವೊಂದೇ ಹಸಿರಾಗಿ ಉಳಿಯುವುದು. ಬಾಳೆಲೆಯ ತುಂಡನ್ನು ಮೇಲ್ಮೈಗೆ ಒತ್ತಿ ಮುಚ್ಚುವುದು ಮೇಲು. ಬಿಸಿ ಜೋಳದ ರೊಟ್ಟಿಗೆ ಇದು ಹೊಂದುವಷ್ಟು ಬ್ರೆಡ್ಡಿಗೆ ಹೊಂದುವುದಿಲ್ಲವೆಂಬುದು ನನ್ನ ಪಕ್ಷಪಾತದ ತೀರ್ಪು.

ಹಸಿವಿನ ಕಥೆಗೆ ಮರಳೋಣ. 1686ರ ಮಾರ್ಚ್ ಕೊನೆಯಲ್ಲಿ ಡ್ಯಾಂಪಿಯರನಿದ್ದ ಸಿಗ್ನೆಟ್ ಹಡಗು ಮೆಕ್ಸಿಕೋ ತೀರವನ್ನು ಬಿಟ್ಟು ಪೆಸಿಫಿಕ್ ಸಾಗರವನ್ನು ದಾಟಲು ಹೊರಟಿತು. ಐವತ್ತಕ್ಕೂ ಹೆಚ್ಚು ದಿನ ನೆಲ ಕಾಣಲಿಲ್ಲ. ತಲೆಗೆ ದಿನಕ್ಕೆ ಕೆಲವೇ ಚಮಚ ಬೇಯಿಸಿದ ಮೆಕ್ಕೆಜೋಳ. ಆಹಾರ ಮುಗಿದರೆ ಮೊದಲು ನಾಯಕ ಸ್ವಾನನನ್ನೂ, ಆಮೇಲೆ ಈ ಪ್ರಯಾಣಕ್ಕೆ ಒತ್ತಾಸೆಯಾಗಿದ್ದವರನ್ನೂ ಕೊಂದು ತಿನ್ನಬೇಕೆಂದು ನಾವಿಕರು ಗುಟ್ಟಾಗಿ ನಿಶ್ಚಯಿಸಿದ್ದರು. ಗ್ವಾಮ್ ದ್ವೀಪ ಕಂಡಾಗ ಉಳಿದಿದ್ದುದು ಮೂರು ದಿನದ ಕಾಳು. ಸ್ವಾನ್ ಮೈತುಂಬಿದ ಆಳು, ಡ್ಯಾಂಪಿಯರ್ ಬಡಕಲು. ಇವನನ್ನು ತಿಂದಿದ್ದರೆ ಅವರಿಗೆ ಅರೆಹೊಟ್ಟೆಯೂ ತುಂಬುತ್ತಿರಲಿಲ್ಲವೆಂದು ನಾಯಕ ಆಮೇಲೆ ಹಾಸ್ಯ ಮಾಡಿದನಂತೆ. ಅಂಥ ಹಸಿವನ್ನು ಕಂಡವನು ಅನ್ನದ ವಿಷಯವನ್ನು ಹಗುರವಾಗಿ ಬರೆಯಲಾರ. ಗ್ವಾಮಿನಲ್ಲಿ ಅವನು ವರ್ಣಿಸಿದ ದೀವಿಹಲಸು, ನಮ್ಮ ಕರಾವಳಿಯವರ ಜೀಗುಜ್ಜೆ, ಒಂದು ಶತಮಾನದ ಮೇಲೆ ಬ್ಲೈ ಎಂಬ ನಾವಿಕನನ್ನು ಬೌಂಟಿ ಹಡಗಿನಲ್ಲಿ ಟಹೀಟಿಗೆ ಕರೆದೊಯ್ದಿತು. ವೆಸ್ಟ್ ಇಂಡೀಸಿನ ಗುಲಾಮರಿಗೆ ಅಗ್ಗದ ಆಹಾರ ಬೇಕೆಂಬುದು ಆ ಯಾತ್ರೆಯ ಉದ್ದೇಶವಾಗಿತ್ತು. 1687ರಲ್ಲಿ ವಿಯೆಟ್ನಾಮಿನ ದಕ್ಷಿಣದ ದ್ವೀಪವೊಂದರಲ್ಲಿ ಮಾವಿನ ಮರಗಳನ್ನು ಕಂಡು, ಎಳೆಯ ಮಾವನ್ನು ಹೋಳು ಮಾಡಿ ಉಪ್ಪು, ಹುಳಿ, ಬೆಳ್ಳುಳ್ಳಿಗಳಲ್ಲಿ ಹಾಕಿಡುವ ಕ್ರಮವನ್ನು ಆಚಾರ್ ಎಂಬ ಹೆಸರಿನೊಡನೆಯೇ ಬರೆದುಕೊಂಡನು. ನಮ್ಮ ಉಪ್ಪಿನಕಾಯಿಯ ನೆಂಟಸ್ತಿಕೆ ಸ್ಪಷ್ಟ. ಅನ್ಯರ ಊಟವೆಂದು ಮೂಗು ಮುರಿಯುವ ಯೂರೋಪಿಯನ್ನನ ಬಿಂಕ ಅವನ ನಾಲಗೆಗೆ ಇರಲಿಲ್ಲ.

ಆದರೆ ನಾಲಗೆಯ ಔದಾರ್ಯ ಕಣ್ಣಿಗೆ ಎಲ್ಲ ಕಾಲದಲ್ಲಿಯೂ ಇರಲಿಲ್ಲ. 1688ರಲ್ಲಿ ಆಸ್ಟ್ರೇಲಿಯದ ವಾಯವ್ಯ ತೀರದಲ್ಲಿ ಕಂಡ ಮೂಲನಿವಾಸಿಗಳನ್ನು ಅವನು ಲೋಕದಲ್ಲೇ ಅತಿ ದೀನರಾದ ಜನವೆಂದು ತಾತ್ಸಾರದಿಂದ ಚಿತ್ರಿಸಿದನು. ಆ ಚಿತ್ರ ಬಹುಕಾಲ ಆ ಜನಕ್ಕೆ ಕೇಡು ಮಾಡಿತು. 1690ರಲ್ಲಿ ಅವನು ಮದರಾಸಿನ ಸೇಂಟ್ ಜಾರ್ಜ್ ಕೋಟೆಗೆ ಬಂದು ಕೆಲವು ತಿಂಗಳು ತಂಗಿದನು. ಕಡಲಿನಿಂದ ಕಂಡ ಆ ಪಟ್ಟಣದ ನೋಟ ಅವನಿಗೆ ಬಹಳ ಹಿಡಿಸಿತು. ಜಿಯೋಲಿ ಎಂಬ ತರುಣ ಅವನ ಪಾಲಿಗೆ ಬಂದದ್ದು ಆಗಲೇ. ಫಿಲಿಪೀನ್ಸಿನ ದಕ್ಷಿಣದ ಪುಟ್ಟ ದ್ವೀಪದವನಾದ ಅವನ ಮೈತುಂಬ ಹಚ್ಚೆಯ ಚಿತ್ತಾರ. ಅವನನ್ನೂ ಅವನ ತಾಯಿಯನ್ನೂ ಕೊಂಡಿದ್ದ ಆಂಗ್ಲನೊಬ್ಬನಿಂದ ಡ್ಯಾಂಪಿಯರನಿಗೆ ಅರ್ಧ ಪಾಲು ದೊರಕಿತು. ಸುಮಾತ್ರಾದ ಬೆಂಕೂಲೆನ್ ಕೋಟೆಯಲ್ಲಿ ತಾಯಿ ಕಾಯಿಲೆಯಿಂದ ತೀರಿಕೊಂಡಳು. ಮಗನ ಗೋಳನ್ನು ಡ್ಯಾಂಪಿಯರ್ ಕನಿಕರದಿಂದಲೇ ಬರೆದಿದ್ದಾನೆ. 1691ರಲ್ಲಿ ಲಂಡನ್ನಿಗೆ ಕರೆತಂದು, ಕೈಯಲ್ಲಿ ಕಾಸಿಲ್ಲದಾಗ ಮಾರಿಯೂ ಇದ್ದಾನೆ. ಕೊಂಡವರು ಅವನನ್ನು ಬಣ್ಣದ ರಾಜಕುಮಾರನೆಂದು ಹಣಕ್ಕೆ ತೋರಿಸಿದರು. ಆಕ್ಸ್‌ಫರ್ಡಿನಲ್ಲಿ ಸಿಡುಬು ತಗುಲಿ ಜಿಯೋಲಿ ಸತ್ತನು. ಹಣ್ಣಿನ ಸಿಪ್ಪೆಯ ಬಣ್ಣವನ್ನು ಅಷ್ಟು ನಿಷ್ಠೆಯಿಂದ ನೋಡಿದವನು ಇದನ್ನು ಹೇಗೆ ಮಾಡಿದನೆಂಬ ಪ್ರಶ್ನೆಗೆ ಅವನ ಗ್ರಂಥ ಉತ್ತರ ಕೊಡುವುದಿಲ್ಲ. ಬೆಣ್ಣೆಹಣ್ಣನ್ನು ತಿನ್ನಲು ಅವನಿಗೆ ಕಲಿಸಿದವರಾರೆಂಬುದನ್ನೂ ಅದು ಹೇಳುವುದಿಲ್ಲ.

ಬಿದಿರಿನ ನಳಿಗೆಯ ದಿನಚರಿ 1697ರಲ್ಲಿ ಲಂಡನ್ನಿನಲ್ಲಿ ಗ್ರಂಥವಾಗಿ ಹೊರಬಂದು ಬೇಗಬೇಗನೆ ಮರುಮುದ್ರಣಗಳನ್ನು ಕಂಡಿತು. ಕಳ್ಳತನದ ಪ್ರಸಂಗಗಳನ್ನು ಮೆಲ್ಲಗೆ ದಾಟಿಸಿ, ಪ್ರಕೃತಿಯ ವರ್ಣನೆಯನ್ನು ಮುಂದಿಟ್ಟ ಜಾಣ್ಮೆ ಅದರಲ್ಲಿದೆ. ರಾಯಲ್ ಸೊಸೈಟಿಯ ಅಧ್ಯಕ್ಷನಿಗೆ ಅರ್ಪಿತವಾದ ಆ ಗ್ರಂಥದಿಂದ ಕಡಲ್ಗಳ್ಳನು ವಿದ್ವಾಂಸರ ಮೇಜಿಗೆ ಅತಿಥಿಯಾದನು. 1699ರಲ್ಲಿ ಅವನು ಪ್ರಕಟಿಸಿದ ಗಾಳಿಗಳ ಕುರಿತ ಪ್ರಬಂಧವನ್ನು ನಾವಿಕರು ಬಹುಕಾಲ ಆದರಿಸಿದರು. ಇಂಗ್ಲಿಷ್ ನಿಘಂಟುಕಾರರು ಹಲವಾರು ಪದಗಳಿಗೆ ಅವನ ಬರಹದಿಂದಲೇ ಹಳೆಯ ಪ್ರಯೋಗವನ್ನು ಎತ್ತಿ ತೋರಿಸುತ್ತಾರೆ.

ಸರ್ಕಾರ ಅವನಿಗೆ ರೋಬಕ್ ಎಂಬ ಯುದ್ಧನೌಕೆಯನ್ನು ಕೊಟ್ಟು ಆಸ್ಟ್ರೇಲಿಯಕ್ಕೆ ಕಳುಹಿಸಿತು. ಬರೆಯಬಲ್ಲವನು ಆಳಬಲ್ಲನೆಂದು ಎಣಿಸಿದ್ದು ತಪ್ಪಾಯಿತು. ತನ್ನ ಕೈಕೆಳಗಿನ ಅಧಿಕಾರಿ ಫಿಷರನನ್ನು ಬಡಿದು, ಬೇಡಿ ಹಾಕಿಸಿ, ಬ್ರೆಜಿಲಿನ ಸೆರೆಮನೆಗೆ ತಳ್ಳಿದನು. ಹಿಂದಿರುಗುವಾಗ 1701ರಲ್ಲಿ ಹುಳುಕು ಹಿಡಿದ ಹಡಗು ಅಸೆನ್ಷನ್ ದ್ವೀಪದ ಬಳಿ ಮುಳುಗಿತು. ಆಗಲೂ ಒಣಗಿಸಿದ ಗಿಡಗಳ ಕಟ್ಟನ್ನು ಅವನು ಕೈಬಿಡಲಿಲ್ಲ. ಆಸ್ಟ್ರೇಲಿಯದ ಆ ಗಿಡಗಳು ಆಕ್ಸ್‌ಫರ್ಡಿನಲ್ಲಿ ಇಂದಿಗೂ ಇವೆ. 1702ರ ಸೈನಿಕ ನ್ಯಾಯಾಲಯ ಫಿಷರನ ವಿಷಯದಲ್ಲಿ ಅವನನ್ನು ಕ್ರೌರ್ಯದ ಅಪರಾಧಿಯೆಂದು ತೀರ್ಮಾನಿಸಿ, ಸಂಬಳವನ್ನೆಲ್ಲ ಕಿತ್ತುಕೊಂಡಿತು.

ಅನಂತರದ ಎರಡು ಯಾತ್ರೆಗಳನ್ನು ಒಂದು ಮಾತಿನಲ್ಲಿ ಮುಗಿಸಬಹುದು. 1703ರಲ್ಲಿ ಹೊರಟ ಯಾತ್ರೆಯ ಜೊತೆ ಹಡಗಿನಿಂದ ಅಲೆಕ್ಸಾಂಡರ್ ಸೆಲ್ಕರ್ಕ್ ಎಂಬವನು ನಿರ್ಜನ ದ್ವೀಪದಲ್ಲಿ ಇಳಿದು ಉಳಿದುಬಿಟ್ಟನು. 1709ರಲ್ಲಿ ಅವನನ್ನು ಪಾರುಮಾಡಿದ ಹಡಗಿನ ಮಾರ್ಗದರ್ಶಿಯೂ ಡ್ಯಾಂಪಿಯರನೇ. 1719ರಲ್ಲಿ ಬಂದ ಡೀಫೋನ ರಾಬಿನ್ಸನ್ ಕ್ರೂಸೋ ಕಾದಂಬರಿಗೆ ಆ ಸೆಲ್ಕರ್ಕನ ಕಥೆ ಪ್ರೇರಣೆಯೆಂಬುದು ಪ್ರಸಿದ್ಧವಾಗಿಯೇ ಇದೆ. 1726ರ ಗಲಿವರನ ಯಾತ್ರೆಗಳಲ್ಲಿ ಸ್ವಿಫ್ಟನು ಡ್ಯಾಂಪಿಯರನನ್ನು ತನ್ನ ಕಥಾನಾಯಕನ ನೆಂಟನನ್ನಾಗಿ ಮಾಡಿಕೊಂಡನು.

ಇವೆರಡು ಕೃತಿಗಳನ್ನೂ ನೋಡಲು ಅವನು ಇರಲಿಲ್ಲ. ಕೊನೆಯ ಯಾತ್ರೆಯ ಲೂಟಿಯಲ್ಲಿ ಬರಬೇಕಾಗಿದ್ದ ಪಾಲು ಪೂರ್ತಿ ಕೈಸೇರುವ ಮೊದಲೇ, 1715ರ ಮಾರ್ಚಿನಲ್ಲಿ ಲಂಡನ್ನಿನಲ್ಲಿ ತೀರಿಕೊಂಡನು. ಸುಮಾರು ಎರಡು ಸಾವಿರ ಪೌಂಡು ಸಾಲ ಉಳಿದಿತ್ತು. ಅವನನ್ನು ಹೂಳಿದ ಜಾಗದ ಗುರುತು ಯಾರಿಗೂ ಇಲ್ಲ.