ಬಾಬಾಸಾಹೇಬರ ಊರುಗೋಲು



ಧಮ್ಮ ಬಂಧುಗಳೇ, ನನಗೆ ಲೂಪಸ್ ಬಂದು ಒಂಬತ್ತು ವರ್ಷ. ಮೈ ಕಾಯಬೇಕಾದ ಶಕ್ತಿಯೇ ಮೈಮೇಲೆ ತಿರುಗಿಬೀಳುವ ಕಾಯಿಲೆ. ಬೆಳಗ್ಗೆ ಬೆರಳು ಮಡಚಲಾಗದು, ಬಿಸಿಲು ಆಗದು. ವಂದನೆಗೆ ಎಲ್ಲರಂತೆ ನೆಲದ ಮೇಲೆ ಕೂರಲಾಗದ ನಾಚಿಕೆಗೆ ವಿಹಾರಕ್ಕೆ ಬರುವುದನ್ನೇ ಬಿಟ್ಟಿದ್ದೆ.

ಈಚೆಗೆ ಬಾಬಾಸಾಹೇಬರ ಕೊನೆಯ ವರ್ಷಗಳ ಬಗ್ಗೆ ಓದುತ್ತಿದ್ದೇನೆ. ಅವರದು ಲೂಪಸ್ ಅಲ್ಲ. ಸಕ್ಕರೆ ಕಾಯಿಲೆ, ನರಗಳ ಬಾಧೆ, ರಾತ್ರಿ ನಿದ್ದೆಗೊಡದ ಕಾಲುನೋವು. ಸಂವಿಧಾನದ ಕೆಲಸದ ದಿನಗಳಲ್ಲೂ ಇನ್ಸುಲಿನ್ ಬೇಕಿತ್ತು. 1948ರ ಏಪ್ರಿಲ್ 15ರಂದು ಮದುವೆಯಾದ ಡಾ. ಸವಿತಾ ಅವರೇ ಪಥ್ಯ, ಔಷಧಿ ನೋಡಿಕೊಂಡರು. ಅಷ್ಟು ದೊಡ್ಡವರಿಗೂ ಇನ್ನೊಬ್ಬರ ಕೈ ಬೇಕಾಯಿತು. ನಾನಾದರೋ ಮಗಳ ಹತ್ತಿರ ಒಂದು ಲೋಟ ನೀರು ಕೇಳಲೂ ಹಿಂಜರಿಯುತ್ತೇನೆ!

1956ರ ಅಕ್ಟೋಬರ್ 14, ನಾಗಪುರ. ಲಕ್ಷಾಂತರ ಜನರ ಮುಂದೆ ಊರುಗೋಲು ಹಿಡಿದೇ ನಿಂತರು. ತಾವು ಧಮ್ಮದೀಕ್ಷೆ ಪಡೆದು, ನಮ್ಮ ಹಿರಿಯರಿಗೂ ಕೊಟ್ಟರು. ಅದೇ ಮೈಯಲ್ಲಿ ನವೆಂಬರಿನಲ್ಲಿ ಕಠ್ಮಂಡುವಿನ ಬೌದ್ಧ ಸಮ್ಮೇಳನಕ್ಕೂ ಹೋದರು. ಡಿಸೆಂಬರ್ 6ರಂದು ಮಹಾಪರಿನಿರ್ವಾಣ. ‘ಬುದ್ಧ ಮತ್ತು ಆತನ ಧಮ್ಮ’ ಅಚ್ಚಾಗಿ ಬಂದದ್ದು ಮರುವರ್ಷ, ಅದನ್ನವರು ನೋಡಲಿಲ್ಲ.

ಈ ಭಾನುವಾರ ಬರುತ್ತೇನೆ. ಕಿಟಕಿಯ ಬಿಸಿಲು ಬೀಳದ ಕಡೆ ಒಂದು ಕುರ್ಚಿ ಹಾಕಿಡಿ.